ಸೋತ ಲಸಿಕೆಯ ಮರುಪ್ರಯತ್ನ

ಹೊಸ ಔಷಧದ ವಾರ್ತೆ ಬಂದೊಡನೆ ರಾಮಬಾಣವೆಂದು ಕೊಂಡಾಡುವುದೂ, ಒಮ್ಮೆ ಸೋತದ್ದನ್ನು ನಿರರ್ಥಕವೆಂದು ತಳ್ಳಿಹಾಕುವುದೂ ಸಮಾನವಾದ ಅವಿವೇಕಗಳೆಂದು ನಾವು ತಿಳಿಯುತ್ತೇವೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಚಿಕಿತ್ಸೆಯ ಇತಿಹಾಸವೇ ಇದಕ್ಕೆ ಸಾಕ್ಷಿ.

ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳಲ್ಲಿ ಹುಟ್ಟುವ ಈ ರೋಗವನ್ನು ಆರಂಭದಲ್ಲಿಯೇ ಕಂಡುಕೊಂಡರೆ ಶಸ್ತ್ರವೈದ್ಯನು ಕತ್ತರಿಸಿ ತೆಗೆಯಬಲ್ಲನು. ಪುಪ್ಪುಸಕ್ಕೋ ಮಿದುಳಿಗೋ ಹಬ್ಬಿದ ಮೇಲೆ ಶಸ್ತ್ರದಿಂದ ಸಾಧಿಸುವುದು ಅಲ್ಪ. ಅಂಥ ರೋಗಿಗಳಲ್ಲಿ ಹೆಚ್ಚಿನವರು ವರ್ಷದೊಳಗೆ ತೀರಿಕೊಳ್ಳುತ್ತಿದ್ದ ಕಾಲವು ಬಹಳ ಹಿಂದಿನದಲ್ಲ.

ರಕ್ತದಲ್ಲಿ ಸಂಚರಿಸುವ ಟಿ ಕಣಗಳು ಶರೀರದ ಕಾವಲುಗಾರರು. ಅವು ಮೇರೆ ಮೀರದಂತೆ ಪ್ರಕೃತಿಯು ಅವುಗಳಿಗೆ ಕಡಿವಾಣವನ್ನೂ ಹಾಕಿದೆ. ಕ್ಯಾನ್ಸರು ಆ ಕಡಿವಾಣವನ್ನೇ ಬಳಸಿಕೊಂಡು ಪಾರಾಗುತ್ತದೆ. ಅದನ್ನು ಸಡಿಲಿಸುವ ಮಾರ್ಗವನ್ನು ತೋರಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೋಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಕಡಿವಾಣ ಸಡಿಲಿಸುವ ಔಷಧದೊಡನೆ, ಶತ್ರುವಿನ ಗುರುತು ಹೇಳಿಕೊಡುವ ಲಸಿಕೆಯನ್ನೂ ಸೇರಿಸಿದರೆ ಹೇಗೆ? 676 ರೋಗಿಗಳ ಮೇಲೆ ನಡೆದ ಈ ಪರೀಕ್ಷೆಯ ಫಲವು 2010ರಲ್ಲಿ ಪ್ರಕಟವಾಯಿತು. ಲಸಿಕೆ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಮಂದಿ ಬದುಕಿದ್ದುದು 6.4 ತಿಂಗಳು, ಇಪಿಲಿಮುಮಾಬ್ ಔಷಧ ಮಾತ್ರ ಪಡೆದವರಲ್ಲಿ 10.1; ಎರಡನ್ನೂ ಪಡೆದವರಲ್ಲಿ 10.0. ಔಷಧವು ಗೆದ್ದಿತು, ಲಸಿಕೆಯಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಆ ಲಸಿಕೆಯು ಎಲ್ಲರಿಗೂ ಒಂದೇ ಆಗಿತ್ತು. ಅದು ತೋರಿದ ಗುರುತು ಆರೋಗ್ಯವಂತ ಬಣ್ಣದ ಕಣಗಳಲ್ಲಿಯೂ ಇರುವಂಥದು. ಆದ್ದರಿಂದ ಸಂಶೋಧಕರು ಬೇರೆ ದಾರಿ ಹಿಡಿದರು. ಪ್ರತಿಯೊಬ್ಬ ರೋಗಿಯ ಗೆಡ್ಡೆಯನ್ನೇ ಪರೀಕ್ಷಿಸಿ, ಅದಕ್ಕೆ ವಿಶಿಷ್ಟವಾದ 34ರವರೆಗಿನ ಗುರುತುಗಳನ್ನು ಎಂ‌ಆರ್‌ಎನ್‌ಎ ಲಸಿಕೆಯಲ್ಲಿ ಅಳವಡಿಸಿ, ಪೆಂಬ್ರೊಲಿಜುಮಾಬ್ ಔಷಧದೊಡನೆ ಕೊಟ್ಟರು. 2024ರಲ್ಲಿ ಪ್ರಕಟವಾದ ವರದಿಯಂತೆ 157 ರೋಗಿಗಳ ಪರೀಕ್ಷೆಯಲ್ಲಿ, ಹದಿನೆಂಟು ತಿಂಗಳ ಬಳಿಕ ರೋಗ ಮರುಕಳಿಸದೆ ಬದುಕಿದ್ದವರು ಔಷಧ ಮಾತ್ರ ಪಡೆದವರಲ್ಲಿ ಶೇಕಡಾ 62, ಎರಡನ್ನೂ ಪಡೆದವರಲ್ಲಿ ಶೇಕಡಾ 79.

ಇದು ಭರವಸೆಯ ವಾರ್ತೆಯೇ ಸರಿ. ಆದರೆ ಇವರೆಲ್ಲರೂ ಗೆಡ್ಡೆಯನ್ನು ಮೊದಲೇ ಕತ್ತರಿಸಿ ತೆಗೆಯಿಸಿಕೊಂಡವರು. ರೋಗವು ಹಬ್ಬಿ ನಿಂತವರಿಗೂ ಇದೇ ಫಲ ದೊರೆಯುವುದೆಂದು ಈ ಅಂಕಿಗಳಿಂದ ಹೇಳಲಾಗದು. ಪರೀಕ್ಷೆಯೂ ಚಿಕ್ಕದು, ದೊಡ್ಡದು 2023ರಲ್ಲಿ ಆರಂಭವಾಯಿತು. ಸಾವಿನ ಅಂಚಿನಲ್ಲಿರುವವನಿಗೆ ಅರೆಸತ್ಯದ ಆಸೆ ಹುಟ್ಟಿಸುವುದು ಪತ್ರಿಕಾಧರ್ಮವಲ್ಲ.

ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತಯಾರಿಸಬೇಕಾದ ಲಸಿಕೆಯು ಅಗ್ಗವಾಗಿರಲಾರದು. 2010ರ ಸೋಲಿನ ಪಾಠವನ್ನು ಕಲಿಸಿದವರು ತಮ್ಮ ದೇಹವನ್ನೇ ಪರೀಕ್ಷೆಗೆ ಒಡ್ಡಿದ ಸಾಮಾನ್ಯ ರೋಗಿಗಳು. ಅದರ ಫಲವು ಸಿರಿವಂತರ ಸೊತ್ತಾಗಿ ನಿಂತರೆ, ವಿಜ್ಞಾನದ ಈ ಗೆಲುವು ಅರ್ಧ ಗೆಲುವೆಂದೇ ನಾವು ಹೇಳಬೇಕಾಗುವುದು.