ಯಂತ್ರವೇ ಕರ್ತೃವೇ?

ಪ್ರಶ್ನೆ: ಕೃತಕ ಬುದ್ಧಿಮತ್ತೆ ತಪ್ಪಿದಾಗ ಪತ್ರಿಕೆಗಳು ಯಂತ್ರವನ್ನೇ ಏಕೆ ದೂಷಿಸುತ್ತವೆ? (ಓದುಗರು, ಜೇವರ್ಗಿ)

ಉತ್ತರ: 2025ರ ಜುಲೈ ತಿಂಗಳಿನಲ್ಲಿ, ನಟಿ ಬಿ. ಸರೋಜಾದೇವಿಯವರ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸೂಚಿಸಿದ ಸಂತಾಪವನ್ನು ಇಂಗ್ಲಿಷಿಗೆ ತಿರುಗಿಸುವಾಗ, ಮೆಟಾ ಸಂಸ್ಥೆಯ ಸ್ವಯಂಚಾಲಿತ ಅನುವಾದವು ಸಂತಾಪ ಸೂಚಿಸಿದವರನ್ನೇ ದಿವಂಗತರನ್ನಾಗಿಸಿದ ಪ್ರಸಂಗವನ್ನು ತಾವು ಬಲ್ಲಿರಿ. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಪತ್ರಮುಖೇನ ಆಕ್ಷೇಪಿಸಿದರು. ಸಂಸ್ಥೆಯು ಕ್ಷಮೆ ಕೋರಿತು. ಕ್ಷಮೆ ಕೋರಿದ್ದು ಯಂತ್ರವಲ್ಲ, ಎಂಬುದನ್ನು ಗಮನಿಸಬೇಕು. ಆದರೂ ವಾರ್ತಾಲೇಖಕನ ಅವಸರಕ್ಕೆ ‘ಯಂತ್ರ ಎಡವಿತು’ ಎಂಬ ವಾಕ್ಯವೇ ಸುಲಭವಾಗಿ ಒದಗುತ್ತದೆ. ಪಡಿತರದಂಗಡಿಯಲ್ಲಿ ಹೆಬ್ಬೆಟ್ಟಿನ ಗುರುತು ಹೊಂದದಿದ್ದಾಗ ‘ಮಷಿನ್ ತಗೊಳ್ಳವಲ್ದು’ ಎನ್ನುವ ನಿಮ್ಮ ಸೀಮೆಯ ಮಾತಿನಲ್ಲಿಯೂ ಕರ್ತೃಪದವು ಯಂತ್ರದ್ದೇ ಅಲ್ಲವೆ? ಯಂತ್ರವನ್ನು ರೂಪಿಸಿ ನಿಯೋಜಿಸಿದವರ ಹೆಸರಿಲ್ಲದ ವಾರ್ತೆಯನ್ನು ಕಂಡಲ್ಲಿ, ದಯಮಾಡಿ ಆ ಪತ್ರಿಕೆಯ ಸಂಪಾದಕರಿಗೆ ಬರೆದು ಕೇಳಿರಿ.