ನಾಯಿಮರಿ ಕಚ್ಚಿದರೆ ರೇಬೀಸ್ ಬರುವುದಿಲ್ಲವೇ?
ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಬೀದಿಯ ಮರಿಯನ್ನೇ ತಂದು ಸಾಕುವವರಿದ್ದಾರೆ. 'ಚಿಕ್ಕ ಮರಿ ಕಚ್ಚಿದರೆ ಏನೂ ಆಗಲ್ಲ' ಎನ್ನುವುದು ನಿಜವೇ?

ಅಲ್ಲ. ರೇಬೀಸ್ ಇರುವ ಪ್ರಾಣಿ ಕಚ್ಚಿದ್ದರೆ ಮರಿಗೂ ಸೋಂಕು ತಗುಲುತ್ತದೆ. ಅದರ ಜೊಲ್ಲಿನಿಂದ ಮನುಷ್ಯರಿಗೂ ಹರಡುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ.

ಹಾಲುಹಲ್ಲು ಬೀಳುವ 3ರಿಂದ 6 ತಿಂಗಳ ವಯಸ್ಸಿನಲ್ಲಿ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುವುದು ಸಹಜ. ಹೊಡೆಯಬೇಡಿ. ಕೈಗೆ ಬಾಯಿ ಹಾಕಿದ ಕೂಡಲೇ ಆಟ ನಿಲ್ಲಿಸಿ, ಕಚ್ಚಲು ಆಟಿಕೆ ಕೊಡಿ. 3 ತಿಂಗಳು ತುಂಬಿದಾಗ ಪಶುವೈದ್ಯರಲ್ಲಿ ರೇಬೀಸ್ ಲಸಿಕೆ ಹಾಕಿಸಿ.

ಲಸಿಕೆಯಾಗದ ಮರಿಯ ಹಲ್ಲು ತಾಗಿ ಗೀರಾದರೂ ಅರಿಶಿನ, ಸುಣ್ಣ ಹಚ್ಚಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.