ಬಿಟ್ಟುಕೊಟ್ಟವನು ಅಲ್ಲಿ ಗೋಲು ಹೊಡೆದ!

ಜನವರಿ ಬಂತೆಂದರೆ ಕೊಡಗಿನಲ್ಲಿ ಎರಡು ವ್ಯಾಪಾರದ ಮಾತು ಜೋರಾಗುತ್ತದೆ. ಒಂದು ಮನೆಯ ಹಿರಿಯರದು: ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ಈಗಲೇ ಕೊಟ್ಟುಬಿಡುವುದೋ, ಇನ್ನೆರಡು ತಿಂಗಳು ಕಾಯುವುದೋ? ಇನ್ನೊಂದು ನಮ್ಮದು, ಅಂದರೆ ಹಾಸ್ಟೆಲ್ ರೂಮು ಮತ್ತು ಮೈದಾನದ ಕಟ್ಟೆಯದು: ನಮ್ಮ ಟೀಮು ಯಾರನ್ನು ಬಿಡುತ್ತಿದೆ, ಯಾರನ್ನು ತರುತ್ತಿದೆ? ಎರಡೂ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ವಾಕ್ಯದಲ್ಲಿ. ‘ಅಯ್ಯೋ, ಆಗ ಕೊಡಬಾರದಿತ್ತು!’

ಕೊಡಗು ಎಂದರೆ ಹಾಕಿ ಅಲ್ಲವಾ, ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಸುಂಟಿಕೊಪ್ಪದ ಗೋಲ್ಡ್ ಕಪ್ ಟೂರ್ನಿ ನೋಡಿದವರು ಹಾಗೆ ಕೇಳುವುದಿಲ್ಲ. ವಿರಾಜಪೇಟೆ, ಸಿದ್ದಾಪುರ, ಕುಶಾಲನಗರದ ಕಡೆಯ ಹುಡುಗರಲ್ಲಿ ಅರ್ಧ ಮಂದಿ ಬೆಂಗಳೂರು ಎಫ್‌ಸಿಯ ನೀಲಿ, ಇನ್ನರ್ಧ ಕೇರಳ ಬ್ಲಾಸ್ಟರ್ಸ್‌ನ ಹಳದಿ. ಮಾಕುಟ್ಟ ದಾಟಿದರೆ ಕಣ್ಣೂರು ತಾನೇ! ಹಾಗಾಗಿ ನಮ್ಮಲ್ಲಿ ಒಂದೇ ಬೆಂಚಿನಲ್ಲಿ ಎರಡೂ ಬಣ್ಣದವರು ಕೂತಿರುತ್ತಾರೆ.

ಹಾಕಿಯ ಮಾತೇ ಬೇರೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಮನೆತನದ ಹೆಸರೇ ತಂಡದ ಹೆಸರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿದವು. ಅಷ್ಟು ತಂಡಗಳಲ್ಲಿ ಒಬ್ಬ ಆಟಗಾರನೂ ಕೊಂಡುತಂದವನಲ್ಲ. ಗೋಲು ಬರಲಿಲ್ಲ ಎಂದು ಚಿಕ್ಕಪ್ಪನ ಮಗನನ್ನು ಪಕ್ಕದ ಮನೆತನಕ್ಕೆ ಮಾರಲಾಗುತ್ತದೆಯೇ? ಇಂಥ ಆಟ ನೋಡಿ ಬೆಳೆದ ನಮಗೆ, ನಿನ್ನೆಯವರೆಗೆ ‘ನಮ್ಮವನು’ ಆಗಿದ್ದವನು ಋತುವಿನ ಮಧ್ಯದಲ್ಲೇ ಎದುರಾಳಿಯ ಜೆರ್ಸಿ ತೊಡುವುದು ಸ್ವಲ್ಪ ಹೆಚ್ಚೇ ಚುಚ್ಚುತ್ತದೆ.

ಎರಡು ಜನವರಿ, ಇಬ್ಬರು ಸ್ಟ್ರೈಕರ್

ಬೆಂಗಳೂರು ಎಫ್‌ಸಿ ಅಭಿಮಾನಿಗಳು ಇವತ್ತಿಗೂ ಎಳೆದು ತರುವ ಎರಡು ಹೆಸರಿವೆ: ಮ್ಯಾನುಯೆಲ್ ಒನ್ವು ಮತ್ತು ಡೆಶಾರ್ನ್ ಬ್ರೌನ್.

2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಗೋವಾವನ್ನು 1–0ರಿಂದ ಸೋಲಿಸಿ ಬೆಂಗಳೂರು ಐಎಸ್‌ಎಲ್ ಚಾಂಪಿಯನ್ ಆಯಿತು. ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು ಅದು. ಆಮೇಲೆ ವೆನೆಜುವೆಲಾದ ಸ್ಟ್ರೈಕರ್ ಮಿಕು ಕ್ಲಬ್ ಬಿಟ್ಟರು. ಅವರ ಜಾಗ ತುಂಬಲು ಸ್ಪೇನ್‌ನಿಂದ ಒನ್ವು ಬಂದರು. ಆದರೆ ಗೋಲು ಬರಲಿಲ್ಲ. ಆ ಋತುವಿನ 18 ಲೀಗ್ ಪಂದ್ಯಗಳಲ್ಲಿ ಬೆಂಗಳೂರು ಹೊಡೆದದ್ದು ಬರೀ 22 ಗೋಲು. ಅದರಲ್ಲಿ 9 ನಾಯಕ ಸುನಿಲ್ ಚೆಟ್ರಿಯವು. ಅದೇ ವರ್ಷ ಲೀಗ್‌ನಲ್ಲಿ ಅಗ್ರಸ್ಥಾನ ಪಡೆದ ಗೋವಾ 46 ಗೋಲು ಹೊಡೆದಿತ್ತು.

2020ರ ಜನವರಿಯಲ್ಲಿ ಕ್ಲಬ್ ಜಮೈಕಾದ ಬ್ರೌನ್ ಅವರನ್ನು ಕರೆತಂದು, ಒನ್ವು ಅವರನ್ನು ಋತುವಿನ ಕೊನೆಯವರೆಗೆ ಒಡಿಶಾ ಎಫ್‌ಸಿಗೆ ಎರವಲು ಕೊಟ್ಟಿತು. ಒಡಿಶಾಕ್ಕೂ ತುರ್ತು ಇತ್ತು. 9 ಗೋಲು ಹೊಡೆದಿದ್ದ ಅವರ ಅರಿದಾನೆ ಸಂಟಾನ ಗಾಯಗೊಂಡಿದ್ದರು. ಮುಂದೆ ಆದದ್ದು ಕತೆಯ ಹಾಗಿದೆ. ಒನ್ವು ಅಲ್ಲಿ 4 ಪಂದ್ಯಗಳಲ್ಲಿ 7 ಗೋಲು ಹೊಡೆದರು! ಭುವನೇಶ್ವರದಲ್ಲಿ ಬ್ಲಾಸ್ಟರ್ಸ್ ವಿರುದ್ಧ 4–4ರಲ್ಲಿ ಮುಗಿದ ಪಂದ್ಯದಲ್ಲಂತೂ ಹ್ಯಾಟ್ರಿಕ್. ನಮ್ಮ ಹಳದಿ ಗೆಳೆಯರಿಗೂ ಆ ಹೆಸರು ನೆನಪಿರುವುದು ಅದಕ್ಕೇ.

ಒಂದು ವರ್ಷ ಕಳೆಯಿತು. ಕೊರೊನಾ ಕಾಲ, ಇಡೀ ಲೀಗ್ ಗೋವಾದ ಖಾಲಿ ಕ್ರೀಡಾಂಗಣಗಳಲ್ಲಿ. 2021ರ ಜನವರಿಯ ಮೊದಲ ವಾರ ಸಾಲು ಸೋಲುಗಳ ನಂತರ ಕೋಚ್ ಕಾರ್ಲೆಸ್ ಕ್ವಾದ್ರತ್ ಹೊರನಡೆದರು. ಅದೇ ತಿಂಗಳು ಬ್ರೌನ್ ಕೂಡ ನಾರ್ತ್‌ಈಸ್ಟ್ ಯುನೈಟೆಡ್ ಸೇರಿದರು. ಅಲ್ಲಿ 5 ಗೋಲು. ಆ ವರ್ಷ ಚಾಂಪಿಯನ್ ಆದ ಮುಂಬೈ ಸಿಟಿಯನ್ನು ನಾರ್ತ್‌ಈಸ್ಟ್ 2–1ರಿಂದ ಸೋಲಿಸಿದ ಪಂದ್ಯದಲ್ಲಿ ಎರಡೂ ಗೋಲು ಬ್ರೌನ್ ಅವರವು. ಖಾಲಿದ್ ಜಮೀಲ್ ಮಾರ್ಗದರ್ಶನದಲ್ಲಿ ಆ ತಂಡ ಮೂರನೇ ಸ್ಥಾನ ಪಡೆದು ಸೆಮಿಫೈನಲ್ ತಲುಪಿತು. ಬೆಂಗಳೂರು? 20 ಪಂದ್ಯ, 22 ಅಂಕ, ಏಳನೇ ಸ್ಥಾನ. ಐಎಸ್‌ಎಲ್‌ಗೆ ಬಂದ ಮೇಲೆ ಮೊದಲ ಬಾರಿ ನಾಕೌಟ್ ಹಂತದಿಂದ ಹೊರಗೆ.

‘ಎರಡು ವರ್ಷ, ಎರಡು ಸಲ ಅದೇ ತಪ್ಪು. ಯಾರನ್ನು ಬಿಡುತ್ತಾರೋ ಅವನೇ ಹೊಡೆಯುತ್ತಾನೆ. ಇವರಿಗೆ ಬುದ್ಧಿ ಬೇಡ್ವಾ ಮಗಾ?’ ಎನ್ನುವುದು ಒಂದು ಪಕ್ಷ. ‘ಇಲ್ಲಿ ಇದ್ದಾಗ ಹೊಡೀಲಿಲ್ವಲ್ಲ, ಇಟ್ಟುಕೊಂಡು ಪೂಜೆ ಮಾಡಬೇಕಿತ್ತಾ?’ ಎನ್ನುವುದು ಇನ್ನೊಂದು. ನಾನು ಈ ಎರಡೂ ಗುಂಪಿಗೆ ಪೂರ್ತಿ ಸೇರಿದವನಲ್ಲ. ಮೊದಲ ಗುಂಪು ಅರ್ಧ ಲೆಕ್ಕವನ್ನಷ್ಟೇ ಹೇಳುತ್ತಿದೆ. ಎರಡನೆಯದು ಅಸಲಿ ಪ್ರಶ್ನೆಯನ್ನೇ ಕೇಳುತ್ತಿಲ್ಲ.

ಉಳಿದರ್ಧ ಲೆಕ್ಕ

ಆಗಿನ ಐಎಸ್‌ಎಲ್ ನಿಯಮದಂತೆ ಒಂದು ತಂಡದಲ್ಲಿ ಗರಿಷ್ಠ 7 ವಿದೇಶಿ ಆಟಗಾರರು, ಅವರಲ್ಲಿ ಮೈದಾನದಲ್ಲಿ ಏಕಕಾಲಕ್ಕೆ 5 ಮಂದಿ ಮಾತ್ರ. ಹೊಸಬರು ಬರಬೇಕೆಂದರೆ ಹಳಬರು ಜಾಗ ಬಿಡಬೇಕು. ನಮ್ಮ ಹಾಸ್ಟೆಲ್ ರೂಮಿನ ಕಾಟ್ ಇದ್ದ ಹಾಗೆ. ಅಂದರೆ ಒನ್ವು ಹೋದದ್ದನ್ನು ಮಾತ್ರ ಬರೆದು ಬ್ರೌನ್ ಬಂದದ್ದನ್ನು ಬಿಟ್ಟರೆ ಲೆಕ್ಕ ಸರಿಹೋಗದು. ಆ ಬ್ರೌನ್ 2020ರ ಮಾರ್ಚ್ 1ರಂದು ಕಂಠೀರವದಲ್ಲಿ ನಡೆದ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಎಟಿಕೆ ವಿರುದ್ಧ ಗೆಲುವಿನ ಗೋಲು ಹೊಡೆದರು. ಒಂದು ವಾರದ ನಂತರ ಕೋಲ್ಕತ್ತದಲ್ಲಿ ಬೆಂಗಳೂರು 3–1ರಿಂದ ಸೋತು, ಒಟ್ಟು ಗೋಲುಗಳಲ್ಲಿ 3–2ರಿಂದ ಹೊರಬಿತ್ತು ನಿಜ. ಆದರೆ ಅಲ್ಲಿಯೂ ಆಶಿಕ್ ಕುರುಣಿಯನ್ ಐದನೇ ನಿಮಿಷದಲ್ಲೇ ಮುನ್ನಡೆ ಕೊಟ್ಟಿದ್ದರು. ಆ ದಿನ ಕೈಕೊಟ್ಟದ್ದು ಮುನ್ನಡೆ ಕಾಯಬೇಕಿದ್ದ ರಕ್ಷಣೆ.

ಇನ್ನು ಆ 4 ಪಂದ್ಯ, 7 ಗೋಲು. ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬರೆದ ಯಾವ ಇಂಜಿನಿಯರಿಂಗ್ ವಿದ್ಯಾರ್ಥಿಯೂ ನಾಲ್ಕೇ ರೀಡಿಂಗ್ ಇಟ್ಟುಕೊಂಡು ಗ್ರಾಫ್ ಎಳೆಯುವುದಿಲ್ಲ. ಒನ್ವು ಮುಂದಿನ ಋತುವಿನಲ್ಲೂ ಒಡಿಶಾದಲ್ಲೇ ಆಡಿದರು. ಹಿಂದಿನ ವರ್ಷದ ಗೋಲಿನ ಮಳೆ ಮರಳಲಿಲ್ಲ. 20 ಪಂದ್ಯಗಳಲ್ಲಿ ಎರಡೇ ಎರಡು ಗೆದ್ದ ಒಡಿಶಾ ಪಟ್ಟಿಯ ಕೊನೆಗೆ ಕುಸಿಯಿತು. ಆಟಗಾರ ಅದೇ, ತಂಡದ ಹೆಸರೂ ಅದೇ. ಆದರೆ ಕೋಚ್ ಜೋಸೆಪ್ ಗೊಂಬಾವು ಹೋಗಿದ್ದರು, ಜೊತೆಗಾರರು ಬದಲಾಗಿದ್ದರು.

ಇದನ್ನು ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ ಕಾಫಿಯ ಉದಾಹರಣೆಯೇ ಸರಿ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಕೊಯ್ಲಾದ ಕೂಡಲೇ ಮಾರಿದ್ದವರು ಕೈಕೈ ಹಿಸುಕಿಕೊಂಡರು. ಆದರೆ ಅವರು ಮಾರಿದ್ದು ದಡ್ಡತನದಿಂದಲೇ? ಕಾರ್ಮಿಕರ ಕೂಲಿ ಕೊಡಬೇಕಿತ್ತು, ಬ್ಯಾಂಕಿನ ಸಾಲದ ಗಡುವಿತ್ತು, ಮಗಳ ಕಾಲೇಜು ಫೀಸಿತ್ತು. ಏಪ್ರಿಲ್‌ನ ದರ ಜನವರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮಾರಿದ ದಿನ ಕೈಯಲ್ಲಿದ್ದ ಮಾಹಿತಿಯನ್ನು ಇಟ್ಟುಕೊಂಡು ಅಳೆಯಬೇಕೇ ಹೊರತು ಆಮೇಲಿನ ದರ ಹಿಡಿದು ಬೈಯುವುದು ಸುಲಭದ ಕೆಲಸ.

ಹಾಗಾದರೆ ಕ್ಲಬ್‌ಗಳನ್ನು ಪ್ರಶ್ನಿಸುವುದೇ ಬೇಡವೇ? ಬೇಕು. ಬ್ರೌನ್ ವಿಷಯದಲ್ಲಿ ನನ್ನ ತಕರಾರು ಇದೆ. ಕೋಚ್ ಹೋದ ತಿಂಗಳೇ, ತಂಡ ಸೋಲಿನ ಸುಳಿಯಲ್ಲಿದ್ದಾಗ, ಹಿಂದಿನ ವರ್ಷ ಸೆಮಿಫೈನಲ್‌ನಲ್ಲಿ ಗೋಲು ಹೊಡೆದವನನ್ನು ಅದೇ ಲೀಗ್‌ನ ಇನ್ನೊಂದು ತಂಡಕ್ಕೆ ಕಳಿಸುವುದು ಬೇರೆಯೇ ಮಾತು. ಆಗ ನಾರ್ತ್‌ಈಸ್ಟ್ ಕೂಡ ನಾಕೌಟ್ ಸ್ಥಾನಕ್ಕೆ ನಮ್ಮ ಜೊತೆಗೇ ಪೈಪೋಟಿ ನಡೆಸುತ್ತಿತ್ತು. ತೆರವಾದ ಜಾಗಕ್ಕೆ ಹಳೆಯ ಮುಖ ಸಿಸ್ಕೊ ಹರ್ನಾಂಡೆಜ್ ಬಂದರು, ಆದರೆ ಅವರು ಬ್ರೌನ್ ಥರದ ಸ್ಟ್ರೈಕರ್ ಅಲ್ಲ. ಅಂಥ ವೇಗದವನ ಕೊರತೆ ಹಾಗೇ ಉಳಿಯಿತು. ಇದು ಫಲಿತಾಂಶ ನೋಡಿದ ಮೇಲಿನ ಬುದ್ಧಿಯಲ್ಲ. ಆ ದಿನವೇ ಕೇಳಬಹುದಾಗಿದ್ದ ಪ್ರಶ್ನೆ.

ಮೆಟ್ಟಿಲ ಮೇಲೆ ನಿಂತ ಕೋಚ್

ಋತುವಿನ ಮಧ್ಯದ ಮಾರಾಟಗಳಲ್ಲಿ ಜಗತ್ತು ಇನ್ನೂ ಮರೆಯದ ಒಂದಿದೆ. 1995ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ತನ್ನ ಆ್ಯಂಡಿ ಕೋಲ್ ಅವರನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕೊಟ್ಟಿತು. 60 ಲಕ್ಷ ಪೌಂಡ್ ನಗದು, ಮೇಲೆ ಕೀತ್ ಗಿಲೆಸ್ಪಿ ಎಂಬ ಯುವ ಆಟಗಾರ. ಹಿಂದಿನ ಋತುವಿನಲ್ಲಿ ಎಲ್ಲ ಟೂರ್ನಿ ಸೇರಿ 41 ಗೋಲು ಹೊಡೆದಿದ್ದ ಹುಡುಗನನ್ನು ಮಾರಿದ್ದಾರೆಂದು ಅಭಿಮಾನಿಗಳು ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣದ ಮುಂದೆ ಜಮಾಯಿಸಿದರು. ಮ್ಯಾನೇಜರ್ ಕೆವಿನ್ ಕೀಗನ್ ಹಿಂಬಾಗಿಲಿನಿಂದ ಹೋಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಎದುರಾ ಎದುರೇ ಕಾರಣ ಹೇಳಿದರು. ಇದು ಕೈಕೊಟ್ಟರೆ ತನ್ನ ತಲೆದಂಡ ಖಚಿತ ಎಂಬುದು ತನಗೆ ಗೊತ್ತಿದೆ ಎಂದೂ ಹೇಳಿದರು.

ಮುಂದೆ ಕೋಲ್ ಮ್ಯಾಂಚೆಸ್ಟರ್‌ನಲ್ಲಿ 5 ಬಾರಿ ಪ್ರೀಮಿಯರ್ ಲೀಗ್ ಗೆದ್ದರು. ನ್ಯೂಕ್ಯಾಸಲ್ ಆ ಬೇಸಿಗೆಯಲ್ಲಿ ಲೆಸ್ ಫರ್ಡಿನಾಂಡ್ ಅವರನ್ನು ಕೊಂಡು, ಮರುವರ್ಷ ಪ್ರಶಸ್ತಿಯ ಹೊಸ್ತಿಲವರೆಗೆ ಹೋಗಿ ಎರಡನೇ ಸ್ಥಾನ ಪಡೆಯಿತು. ಮಾರಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಮುಗಿದಿಲ್ಲ. ಆದರೆ ಆ ಮೆಟ್ಟಿಲ ಮೇಲಿನ ಮಾತಿನ ಬಗ್ಗೆ ಯಾರಿಗೂ ಬೇಸರವಿಲ್ಲ.

ನಮ್ಮಲ್ಲಿ ಸಿಗದಿರುವುದು ಇದೇ. ಬ್ಲಾಸ್ಟರ್ಸ್‌ನದೂ ಇದೇ ಕತೆ. 2025ರ ಜನವರಿಯಲ್ಲಿ, ಕೋಚ್ ಮಿಕಾಯೆಲ್ ಸ್ಟಾರೆ ಅವರನ್ನು ತೆಗೆದ ಬೆನ್ನಿಗೇ, ತ್ರಿಶ್ಶೂರಿನ ಹುಡುಗ ರಾಹುಲ್ ಕೆ.ಪಿ. ಒಡಿಶಾಕ್ಕೆ, ಪ್ರೀತಮ್ ಕೋಟಾಲ್ ಚೆನ್ನೈಯಿನ್‌ಗೆ ಹೋದರು. ಆ ಋತುವಿನಲ್ಲಿ ಅಭಿಮಾನಿ ಬಳಗ ಮಂಜಪ್ಪಡ ಆಡಳಿತದ ವಿರುದ್ಧ ಬಹಿರಂಗವಾಗಿ ಪ್ರತಿಭಟಿಸಿತು. ತಂಡ ಎಂಟನೇ ಸ್ಥಾನಕ್ಕೆ ತೃಪ್ತಿಪಟ್ಟಿತು. ಆಟಗಾರ ಹೋಗುವ ಸುದ್ದಿ ನಮಗೆ ತಲುಪುವುದು ‘ಧನ್ಯವಾದ, ಶುಭವಾಗಲಿ’ ಎಂಬ ಒಂದು ಚಿತ್ರದ ಮೂಲಕ. ಯಾಕೆ ಕಳಿಸಿದಿರಿ, ಬದಲಿಗೆ ಯಾರು, ಯೋಜನೆ ಏನು ಎಂಬುದಕ್ಕೆ ಉತ್ತರವಿಲ್ಲ. ಕಾರಣ ಸಿಗದ ಕಡೆ ಊಹೆ ಬೆಳೆಯುತ್ತದೆ. ಆ ಊಹೆಯೇ ವರ್ಷಗಟ್ಟಲೆ ‘ಬಿಟ್ಟವನೇ ಹೊಡೆಯುತ್ತಾನೆ’ ಎಂಬ ಶಾಪದ ಕತೆಯಾಗಿ ಉಳಿಯುತ್ತದೆ.

ಇದು ನಮ್ಮ ಕತೆಯೂ ಹೌದು

ಈ ಚರ್ಚೆ ಬರೀ ಟೈಂಪಾಸ್ ಅಲ್ಲ ಎಂದು ನನಗೆ ಅನ್ನಿಸಿದ್ದು ಕ್ಯಾಂಪಸ್ ಪ್ಲೇಸ್‌ಮೆಂಟ್ ಹತ್ತಿರ ಬಂದ ಮೇಲೆ. ನಾವು ಇಷ್ಟು ದಿನ ಕ್ಲಬ್ಬಿನ ಕುರ್ಚಿಯಲ್ಲಿ ಕೂತು, ಇವನನ್ನು ಇಟ್ಟುಕೋ ಅವನನ್ನು ಬಿಡು ಎನ್ನುತ್ತಿದ್ದೆವು. ಇನ್ನು ಮುಂದೆ ಪಟ್ಟಿಯಲ್ಲಿರುವ ಹೆಸರು ನಮ್ಮದು. ಒಂದು ಆಪ್ಟಿಟ್ಯೂಡ್ ಟೆಸ್ಟು, ಇಪ್ಪತ್ತು ನಿಮಿಷದ ಇಂಟರ್‌ವ್ಯೂ. ನಾಲ್ಕು ಪಂದ್ಯಕ್ಕಿಂತಲೂ ಕಡಿಮೆ ರೀಡಿಂಗ್! ಬೆಂಚ್ ಮೇಲಿದ್ದವರನ್ನು ಪ್ರಾಜೆಕ್ಟ್ ಮಧ್ಯದಲ್ಲೇ ಕೈಬಿಡುವ ಸುದ್ದಿಗಳನ್ನೂ ಸೀನಿಯರ್‌ಗಳಿಂದ ಕೇಳುತ್ತಿದ್ದೇವೆ.

ಒಂದು ಕಡೆ ಬೇಡವಾದವನು ಇನ್ನೊಂದು ಕಡೆ ನಾಲ್ಕೇ ಪಂದ್ಯದಲ್ಲಿ ಏಳು ಗೋಲು ಹೊಡೆಯಬಲ್ಲ ಎಂಬುದು ಕೇಳಲು ಹಿತವಾದ ಸತ್ಯ. ಅಲ್ಲಿ ಮಿಂಚಿದವನಿಗೂ ಮರುವರ್ಷ ಗೋಲು ಬರದೇ ಹೋಗಬಹುದು ಎಂಬುದೂ ಅಷ್ಟೇ ಸತ್ಯ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಆಯ್ಕೆಯಾಗದವರು ಕುಗ್ಗಬೇಕಿಲ್ಲ, ಆದವರು ಬೀಗಬೇಕಿಲ್ಲ. ಅಂದಹಾಗೆ, 2019ರ ಫೈನಲ್‌ನಲ್ಲಿ ಗೋಲು ಹೊಡೆದ ರಾಹುಲ್ ಭೆಕೆ 2021ರಲ್ಲಿ ಮುಂಬೈ ಸಿಟಿಗೆ ಹೋದವರು 2024ರಲ್ಲಿ ಬೆಂಗಳೂರಿಗೇ ಮರಳಿದರು. ಹೋದವರೆಲ್ಲ ಕಾಯಂ ಹೋದವರಲ್ಲ.

ಮುಂದಿನ ಜನವರಿಯಲ್ಲೂ ಯಾರನ್ನೋ ಬಿಡುತ್ತಾರೆ, ನಾವೂ ಜಗಳವಾಡುತ್ತೇವೆ. ಆಡೋಣ. ಆದರೆ ಅವನು ಹೋದಲ್ಲಿ ಎಷ್ಟು ಗೋಲು ಹೊಡೆದ ಎಂದು ಏಪ್ರಿಲ್‌ನಲ್ಲಿ ಎಣಿಸುವ ಬದಲು, ಕಳಿಸುವ ದಿನವೇ ಮೂರು ಪ್ರಶ್ನೆ ಕೇಳೋಣ: ಯಾಕೆ ಬಿಟ್ಟಿರಿ, ಅವನ ಜಾಗಕ್ಕೆ ಯಾರು, ಇದನ್ನು ನಮ್ಮ ಮುಂದೆ ನಿಂತು ಹೇಳುವವರು ಯಾರು? ಟಿಕೆಟ್ ಕೊಂಡು, ರಾತ್ರಿ ಬಸ್ ಹತ್ತಿ ಮಡಿಕೇರಿಯಿಂದ ಕಂಠೀರವಕ್ಕೆ ಹೋಗುವವರಿಗೆ ಅಷ್ಟು ಕೇಳುವ ಹಕ್ಕಿದೆ.